ಅರ್ಹೇನಿಯಸ್ ಹಾಕಿದ ಇನ್ನೊಂದು ಲೆಕ್ಕ

ಪಿಯುಸಿ ಕೆಮಿಸ್ಟ್ರಿ ಓದಿದ ನಮಗೆಲ್ಲ ಅರ್ಹೇನಿಯಸ್ ಸಮೀಕರಣ ಗೊತ್ತು. ತಾಪಮಾನ ಏರಿದರೆ ರಾಸಾಯನಿಕ ಕ್ರಿಯೆಯ ವೇಗ ಎಷ್ಟು ಏರುತ್ತೆ ಅಂತ ಹೇಳೋ ಸೂತ್ರ ಅದು. ಆದರೆ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಹೆಚ್ಚಾದರೆ ಭೂಮಿಯ ತಾಪಮಾನ ಎಷ್ಟು ಏರುತ್ತೆ ಅಂತ ಮೊದಲು ಲೆಕ್ಕ ಹಾಕಿದವರೂ ಅವರೇ. ಇದನ್ನು ನಮಗೆ ಸಿಲಬಸ್ ಹೇಳಲಿಲ್ಲ.

ಸ್ವಾಂಟೆ ಅರ್ಹೇನಿಯಸ್ ಹುಟ್ಟಿದ್ದು 1859ರಲ್ಲಿ, ಸ್ವೀಡನ್ನಿನ ಉಪ್ಸಾಲಾ ಹತ್ತಿರ. ತಂದೆ ಜಮೀನು ಅಳೆಯುವ ಸರ್ವೇಯರ್. 1884ರಲ್ಲಿ ಉಪ್ಸಾಲಾ ವಿಶ್ವವಿದ್ಯಾಲಯಕ್ಕೆ ಅವರು ಕೊಟ್ಟ ಡಾಕ್ಟರೇಟ್ ಪ್ರಬಂಧ ಪರೀಕ್ಷಕರಿಗೆ ಹಿಡಿಸಲಿಲ್ಲ. ಕೆಳದರ್ಜೆ ಕೊಟ್ಟು ಹೇಗೋ ಪಾಸು ಮಾಡಿದರು. ಉಪ್ಪು ನೀರಲ್ಲಿ ಕರಗಿದಾಗ ಅಯಾನುಗಳಾಗಿ ಒಡೆಯುತ್ತೆ ಅನ್ನೋ ಸಿದ್ಧಾಂತ ಬೆಳೆದದ್ದು ಅದೇ ಕೆಲಸದಿಂದ. 1903ರಲ್ಲಿ ಅದಕ್ಕೇ ನೊಬೆಲ್ ಬಂತು. ಮಾರ್ಕ್ಸ್ ಕಾರ್ಡ್ ನೋಡಿ ಬೇಜಾರಾಗೋ ನಮ್ಮಂಥವರು ಇದನ್ನು ನೆನಪಿಟ್ಟುಕೊಳ್ಳಬಹುದು.

1894ರ ಡಿಸೆಂಬರ್ 24. ಊರೆಲ್ಲ ಕ್ರಿಸ್‌ಮಸ್ ಸಡಗರದಲ್ಲಿದ್ದಾಗ, ಸಂಸಾರ ಮುರಿದುಬೀಳುತ್ತಿದ್ದ ಅರ್ಹೇನಿಯಸ್ ಸ್ಟಾಕ್‌ಹೋಮಿನಲ್ಲಿ ಪೆನ್ನು ಕಾಗದ ಹಿಡಿದು ಕೂತರು. ಹಿಮಯುಗ ಯಾಕೆ ಬಂತು ಅನ್ನೋದು ಅವರ ಪ್ರಶ್ನೆ. ಬಿಸಿಲಿಗೆ ಕಾದ ನೆಲ ಶಾಖವನ್ನು ವಾಪಸ್ ಹೊರಬಿಡುತ್ತೆ, ಅದರಲ್ಲಿ ಒಂದು ಪಾಲನ್ನು ಕಾರ್ಬನ್ ಡೈಆಕ್ಸೈಡ್ ಮತ್ತು ನೀರಾವಿ ಹಿಡಿದಿಡುತ್ತವೆ. ಇಷ್ಟನ್ನು ಜಾನ್ ಟಿಂಡಾಲ್ ಆಗಲೇ ಪ್ರಯೋಗ ಮಾಡಿ ತೋರಿಸಿದ್ದರು. ಎಷ್ಟು ಅನ್ನೋದಕ್ಕೆ ಮಾತ್ರ ಉತ್ತರ ಇರಲಿಲ್ಲ.

ಕಂಪ್ಯೂಟರ್ ಬಿಡಿ, ಕ್ಯಾಲ್ಕುಲೇಟರೂ ಇಲ್ಲದ ಕಾಲ. 70 ಡಿಗ್ರಿ ಉತ್ತರದಿಂದ 60 ಡಿಗ್ರಿ ದಕ್ಷಿಣದವರೆಗೆ, ಪ್ರತಿ 10 ಡಿಗ್ರಿ ಅಕ್ಷಾಂಶಕ್ಕೆ, ನಾಲ್ಕೂ ಋತುಗಳಿಗೆ ಬೇರೆ ಬೇರೆ ಲೆಕ್ಕ. ಗಾಳಿ ಬಿಸಿಯಾದರೆ ನೀರಾವಿ ಹೆಚ್ಚುತ್ತೆ, ಅದು ಮತ್ತಷ್ಟು ಶಾಖ ಹಿಡಿಯುತ್ತೆ ಅನ್ನೋದನ್ನೂ ಸೇರಿಸಿಕೊಂಡರು. ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯಿತು. 1896ರಲ್ಲಿ ಪ್ರಕಟಿಸಿದ ಉತ್ತರ ಇದು: ಕಾರ್ಬನ್ ಡೈಆಕ್ಸೈಡ್ ಎರಡು ಪಟ್ಟಾದರೆ ತಾಪಮಾನ 5ರಿಂದ 6 ಡಿಗ್ರಿ ಏರುತ್ತೆ. ಇವತ್ತಿನ ವಿಜ್ಞಾನಿಗಳ ಅಂದಾಜು ಸುಮಾರು 3 ಡಿಗ್ರಿ. ಕೈಯಲ್ಲೇ ಮಾಡಿದ ಲೆಕ್ಕ ಇಷ್ಟು ಹತ್ತಿರ ಬಂದಿದ್ದೇ ದೊಡ್ಡದು.

ಕಾರ್ಖಾನೆಗಳ ಕಲ್ಲಿದ್ದಲು ಹೊಗೆಯಿಂದ ಈ ಅನಿಲ ಗಾಳಿಗೆ ಸೇರುತ್ತಿದೆ ಅನ್ನೋದೂ ಅವರಿಗೆ ಗೊತ್ತಿತ್ತು. ಆದರೆ ಅಂದಿನ ವೇಗದಲ್ಲೇ ಉರಿಸಿದರೆ ಅದು ಶೇಕಡ 50ರಷ್ಟು ಹೆಚ್ಚಲು 3000 ವರ್ಷ ಬೇಕು ಅಂದುಕೊಂಡರು. ಆಮೇಲೆ ಕಲ್ಲಿದ್ದಲು ಬಳಕೆ ಏರುತ್ತಿರೋದನ್ನು ನೋಡಿ ಆ ಅವಧಿಯನ್ನು ಕೆಲವೇ ಶತಮಾನಗಳಿಗೆ ಇಳಿಸಿದರು. ಹೆದರಿಕೆಯೇನೂ ಇರಲಿಲ್ಲ. ಚಳಿದೇಶದವರಲ್ವಾ, ಬೆಚ್ಚಗಾದರೆ ಬೆಳೆ ಚೆನ್ನಾಗಿ ಬರುತ್ತೆ ಅಂತ ಖುಷಿಯೇ ಇತ್ತು. 1927ರಲ್ಲಿ ಅವರು ತೀರಿಕೊಂಡರು.

ಆಮೇಲೆ ನಾವು ಕಲ್ಲಿದ್ದಲಿನ ಜೊತೆ ಪೆಟ್ರೋಲ್, ಡೀಸೆಲ್, ನೈಸರ್ಗಿಕ ಅನಿಲ ಎಲ್ಲವನ್ನೂ ಉರಿಸಿದೆವು. ಸಿಮೆಂಟ್ ಸುಟ್ಟೆವು, ಕಾಡು ಕಡಿದೆವು. ಕೈಗಾರಿಕಾ ಕ್ರಾಂತಿಗೆ ಮೊದಲು ಸುಮಾರು 280 ಪಿಪಿಎಂ ಇದ್ದ ಕಾರ್ಬನ್ ಡೈಆಕ್ಸೈಡ್ ಈಗ 420 ದಾಟಿದೆ. ಅಂದರೆ ಶೇಕಡ 50 ಹೆಚ್ಚಳ ಆಗಿಹೋಯಿತು, ಮುನ್ನೂರು ವರ್ಷದೊಳಗೇ.

ಅರ್ಹೇನಿಯಸ್ ಅವರ ಭೌತಶಾಸ್ತ್ರ ತಪ್ಪಲಿಲ್ಲ. ಮನುಷ್ಯ ಎಷ್ಟು ಬೇಗ ಉರಿಸ್ತಾನೆ ಅನ್ನೋ ಅಂದಾಜು ತಪ್ಪಿತು. ಆ ವೇಗವನ್ನು ಯಾವ ಪ್ರಕೃತಿ ನಿಯಮವೂ ನಿಗದಿ ಮಾಡಿಲ್ಲ. ಪವರ್ ಪ್ಲಾಂಟ್, ಎಂಜಿನ್, ಕಟ್ಟಡ ಡಿಸೈನ್ ಮಾಡೋರು ನಿಗದಿ ಮಾಡ್ತಾರೆ. ಇನ್ನೆರಡು ವರ್ಷ ಕಳೆದರೆ ಅವರಲ್ಲಿ ನಾವೂ ಇರ್ತೀವಿ.