ಚುಟುಕ ಕವಿ ಮಾರ್ಷಿಯಲ್: ಜೀವನ ಪರಿಚಯ

ಮನೆಬಳಕೆಯ ವಸ್ತುಗಳನ್ನೂ ಮಹಾ ಕ್ರೀಡಾಪ್ರದರ್ಶನಗಳನ್ನೂ ಕುರಿತು ಕಿರುಪದ್ಯಗಳನ್ನು ರಚಿಸಿದ ಪ್ರಾಚೀನ ರೋಮ್‌ನ ಕವಿ ಮಾರ್ಕಸ್ ವಲೇರಿಯಸ್ ಮಾರ್ಷಿಯಾಲಿಸ್ ಅವರ ಜೀವನದ ಸಂಕ್ಷಿಪ್ತ ವಿವರವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ. ಲ್ಯಾಟಿನ್ ಭಾಷೆಯಲ್ಲಿ ಬರೆದ ಇವರು ಮಾರ್ಷಿಯಲ್ ಎಂಬ ಹೆಸರಿನಿಂದ ಪ್ರಸಿದ್ಧರು. ಇವರ ಪದ್ಯಪ್ರಕಾರವು ಕನ್ನಡದ ಚುಟುಕಕ್ಕೆ ಹತ್ತಿರವಾದುದು.

ಇವರು ಕ್ರಿ.ಶ. ಸುಮಾರು 40ರಲ್ಲಿ ಸ್ಪೇನ್‌ನ ಬಿಲ್ಬಿಲಿಸ್ ಎಂಬ ಬೆಟ್ಟದೂರಿನಲ್ಲಿ ಜನಿಸಿ, 64ರಲ್ಲಿ ರೋಮ್ ನಗರಕ್ಕೆ ಬಂದರು. ಮೂರು ಅಂತಸ್ತು ಮೆಟ್ಟಿಲು ಹತ್ತಿ ತಲುಪಬೇಕಾದ ಮನೆಯಲ್ಲಿ ಬಹುಕಾಲ ವಾಸಿಸಿದರು. ಪುಸ್ತಕ ಮಾರಾಟದ ಲಾಭ ಅಂಗಡಿಯವನಿಗೆ ಸಲ್ಲುತ್ತಿತ್ತೇ ಹೊರತು ಕವಿಗಲ್ಲ. ಆದುದರಿಂದ ಮುಂಜಾನೆ ಧನಿಕರ ಮನೆಬಾಗಿಲಿಗೆ ಹೋಗಿ ವಂದಿಸಿ, ಅವರು ನೀಡುವ ಅಲ್ಪ ಕಾಣಿಕೆ ಅಥವಾ ಊಟವನ್ನು ನೆಚ್ಚಬೇಕಾಗಿತ್ತು. ಪುಸ್ತಕವನ್ನು ಎರವಲು ಬೇಡಿದ ಪರಿಚಿತನೊಬ್ಬನಿಗೆ, ಅಷ್ಟು ಮೆಟ್ಟಿಲು ಹತ್ತುವ ಶ್ರಮವೇಕೆ, ಅಂಗಡಿಯಲ್ಲಿ ಐದು ದಿನಾರಿಗಳಿಗೆ ದೊರೆಯುತ್ತದೆ ಎಂದು ಪದ್ಯದಲ್ಲೇ ವಿನಯದಿಂದ ದಾರಿ ತೋರಿಸಿದರು.

ಕ್ರಿ.ಶ. 80ರಲ್ಲಿ ಚಕ್ರವರ್ತಿ ಟೈಟಸ್, ಇಂದು ಕೊಲೋಸಿಯಮ್ ಎಂದು ಕರೆಯಲಾಗುವ ಕ್ರೀಡಾಂಗಣವನ್ನು 100 ದಿನಗಳ ಉತ್ಸವದೊಂದಿಗೆ ಉದ್ಘಾಟಿಸಿದನು. ಅಲ್ಲಿನ ಪ್ರದರ್ಶನಗಳನ್ನು ಕುರಿತ ಪದ್ಯಗಳೇ ಇವರ ಮೊದಲ ಪ್ರಸಿದ್ಧ ಕೃತಿ. ಘೇಂಡಾಮೃಗವು ಕರಡಿಯನ್ನು ಕೊಂಬಿನಿಂದ ಎತ್ತಿ ಎಸೆದದ್ದು ಅದರಲ್ಲಿದೆ. ಪ್ರಿಸ್ಕಸ್ ಮತ್ತು ವೇರಸ್ ಎಂಬ ಇಬ್ಬರು ಖಡ್ಗಮಲ್ಲರ ಕಾಳಗವೂ ಇದೆ. ಸರಿಸಮನಾಗಿ ಹೋರಾಡಿದ ಇಬ್ಬರೂ ಏಕಕಾಲದಲ್ಲಿ ಸೋಲೊಪ್ಪಿಕೊಂಡಾಗ, ಟೈಟಸ್ ಇಬ್ಬರಿಗೂ ವಿಜಯದ ತಾಳೆಗರಿಯನ್ನೂ ಬಿಡುಗಡೆಯ ಗುರುತಾದ ಮರದ ಕತ್ತಿಯನ್ನೂ ನೀಡಿದನು. ಸಾವಿರಾರು ಕಾಳಗಗಳು ನಡೆದಿದ್ದರೂ, ನಿರ್ದಿಷ್ಟ ಕಾಳಗವೊಂದರ ವಿವರವಾದ ವರ್ಣನೆಯಾಗಿ ಉಳಿದುಬಂದಿರುವುದು ಈ ಪುಟ್ಟ ಪದ್ಯವೊಂದೇ.

ತರುವಾಯ, ಡಿಸೆಂಬರ್ ಮಾಸದ ಸ್ಯಾಟರ್ನೇಲಿಯ ಹಬ್ಬದಲ್ಲಿ ವಿನಿಮಯವಾಗುತ್ತಿದ್ದ ಉಡುಗೊರೆಗಳೊಂದಿಗೆ ಇಡಲು ತಕ್ಕ ದ್ವಿಪದಿಗಳ ಎರಡು ಸಂಪುಟಗಳು ಹೊರಬಂದವು. ಬಾಚಣಿಗೆ, ಪೊರಕೆ, ದೀಪ, ಬಿಸಿಲಗೊಡೆ, ಹಲ್ಲುಕಡ್ಡಿ, ಆಟದ ಚೆಂಡು ಇವೆಲ್ಲಕ್ಕೂ ಎರಡೆರಡು ಸಾಲು. ಬೇಸರವಾದವರು ಶೀರ್ಷಿಕೆಗಳನ್ನಷ್ಟೇ ಓದಲಿ ಎಂಬ ಸಲಹೆಯೂ ಕವಿಯದೇ.

ಸರ್ಕಾರಕ್ಕೆ ಇವರು ಸಲ್ಲಿಸಿದ ಅರ್ಜಿಗಳೂ ಪದ್ಯಗಳೇ ಆಗಿದ್ದವೆಂಬುದು ವಿಶೇಷ. ಮುಂದೆ ನಗರದಲ್ಲಿ ಒಂದು ಸಣ್ಣ ಮನೆಯೂ ನೊಮೆಂಟಮ್ ಎಂಬಲ್ಲಿ ತುಂಡು ಜಮೀನೂ ಇವರದಾದವು. ಜಮೀನಿನಲ್ಲಿ ಏತವು ಕಷ್ಟಪಟ್ಟು ನೀರೆತ್ತುತ್ತಿದೆ, ಮಾರ್ಷಿಯ ಮೇಲ್ಗಾಲುವೆಯ ಸದ್ದು ಸಮೀಪದಲ್ಲೇ ಕೇಳಿಸಿದರೂ ಮನೆ ಒಣಗಿದೆ ಎಂದು ವಿವರಿಸಿ, ನೀರಿನ ಸಂಪರ್ಕಕ್ಕಾಗಿ ಚಕ್ರವರ್ತಿ ಡೊಮಿಷಿಯನ್‌ನನ್ನು ಪ್ರಾರ್ಥಿಸಿದರು. ಮೂವರು ಮಕ್ಕಳ ತಂದೆಗೆ ಮೀಸಲಾಗಿದ್ದ ಕಾನೂನು ಸೌಲಭ್ಯವನ್ನೂ ಇದೇ ರೀತಿ ಕೋರಿ ಪಡೆದರು.

ಇಂತಹ ಅನುಗ್ರಹಗಳಿಗೆ ತೆತ್ತ ಬೆಲೆ ಸಣ್ಣದಲ್ಲ. ಕ್ರೂರಿಯೆಂದು ಹೆಸರಾದ ಡೊಮಿಷಿಯನ್‌ನನ್ನು ದೇವರೆಂದು ಹೊಗಳಿದ ಪದ್ಯಗಳು ಇವರ ಕೀರ್ತಿಗೆ ಇಂದಿಗೂ ಕುಂದಾಗಿ ಉಳಿದಿವೆ. 96ರಲ್ಲಿ ಆತನ ಹತ್ಯೆಯಾದ ನಂತರ ಇವರು ಹೊಸ ಅರಸರನ್ನು ಹೊಗಳಿದ್ದನ್ನೂ ಇಲ್ಲಿ ಮರೆಮಾಚುವಂತಿಲ್ಲ. ಆದರೆ ಯಾರ ಅನುಗ್ರಹವನ್ನೂ ಬಯಸದೆ ಬರೆದ ಪದ್ಯಗಳು ಬೇರೆಯೇ ಆಗಿವೆ. ಆರು ವರ್ಷ ತುಂಬುವ ಮುನ್ನವೇ ತೀರಿಕೊಂಡ ಎರೋಷಿಯಾನ್ ಎಂಬ ದಾಸಿಬಾಲೆಗಾಗಿ ಬರೆದ ಪದ್ಯಗಳು ಅಂತಹವು. 27ನೆಯ ವಯಸ್ಸಿನಲ್ಲಿ ಮಡಿದ ರಥಚಾಲಕ ಸ್ಕಾರ್ಪಸ್‌ನನ್ನು ಕುರಿತ ಪದ್ಯದಲ್ಲಿ, ವಿಧಿಯು ಅವನ ಗೆಲುವುಗಳನ್ನು ಎಣಿಸಿ ಅವನನ್ನು ವೃದ್ಧನೆಂದು ತಪ್ಪಾಗಿ ಭಾವಿಸಿತು ಎಂಬ ಕಲ್ಪನೆಯಿದೆ. ಶಿಲಾಶಾಸನವೊಂದು ಅವನ ಗೆಲುವುಗಳನ್ನು 2,048 ಎಂದು ದಾಖಲಿಸಿದೆ.

ತಮ್ಮ ಪದ್ಯಗಳನ್ನು ಸ್ವಂತದ್ದೆಂದು ಓದುತ್ತಿದ್ದವನನ್ನು ಇವರು ಮನುಷ್ಯಚೋರನಿಗೆ ಹೋಲಿಸಿದರು. ಕೃತಿಚೌರ್ಯವನ್ನು ಸೂಚಿಸುವ ಇಂಗ್ಲಿಷ್ ಪದ ಅದೇ ಲ್ಯಾಟಿನ್ ಮೂಲದಿಂದ ಬಂದಿದೆ.

ಕ್ರಿ.ಶ. 98ರ ಸುಮಾರಿಗೆ ಕಿರಿಯ ಪ್ಲಿನಿ ನೀಡಿದ ಪ್ರಯಾಣವೆಚ್ಚದಿಂದ ಇವರು ಹುಟ್ಟೂರಿಗೆ ಮರಳಿದರು. ಮಾರ್ಸೆಲ್ಲಾ ಎಂಬ ಮಹಿಳೆ ಅಲ್ಲಿ ತೋಟಮನೆಯೊಂದನ್ನು ಕೊಡುಗೆಯಾಗಿ ನೀಡಿದರು. ಹೊತ್ತೇರುವವರೆಗೆ ನಿದ್ರಿಸುವ ಸುಖವೇನೋ ದೊರೆಯಿತು. ಆದರೆ ಮೂರು ವರ್ಷ ಬರವಣಿಗೆಯೇ ಸಾಗಲಿಲ್ಲ. ರೋಮ್‌ನ ಗ್ರಂಥಾಲಯ, ರಂಗಮಂದಿರ ಮತ್ತು ಕೇಳುಗರ ಕೊರತೆಯನ್ನು ಹನ್ನೆರಡನೆಯ ಸಂಪುಟದ ಮುನ್ನುಡಿಯಲ್ಲಿ ತೋಡಿಕೊಂಡರು. ಸುಮಾರು 104ರಲ್ಲಿ ಬಂದ ಇವರ ಮರಣವಾರ್ತೆಯನ್ನು ಪ್ಲಿನಿ ತನ್ನ ಪತ್ರವೊಂದರಲ್ಲಿ ದುಃಖದಿಂದ ದಾಖಲಿಸಿದ್ದಾನೆ.