ಮಕ್ಕಳಿಗೆ ಒಗಟು ಹಾಕಿದ ಸತ್ಯಜಿತ್ ರಾಯ್

ಪತ್ತೇದಾರಿ ಕಥೆ ಅಂದರೆ ಯಾರಿಗೆ ತಾನೆ ಇಷ್ಟ ಇಲ್ಲ? ಕಳ್ಳ ಯಾರು ಅಂತ ತಡೆಯಲಾರದೆ ಕೊನೆಯ ಪುಟವನ್ನೇ ಮೊದಲು ನೋಡುವವರು ನಮ್ಮ ತರಗತಿಯಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಓದುವ ಮಕ್ಕಳೇ ತಲೆ ಓಡಿಸಿ ಗುಟ್ಟು ಕಂಡುಹಿಡಿಯಲಿ ಅಂತ ಕಥೆ ಬರೆದು, ಅದಕ್ಕೆ ಚಿತ್ರವನ್ನೂ ತಾವೇ ಬಿಡಿಸಿದ ಮಹನೀಯರೊಬ್ಬರಿದ್ದರು. ಅವರೇ ಬಂಗಾಳದ ಸತ್ಯಜಿತ್ ರಾಯ್. ಅವರು ದೊಡ್ಡ ಸಿನಿಮಾ ನಿರ್ದೇಶಕರು ಅಂತ ಸಾಮಾನ್ಯ ಜ್ಞಾನದ ಪುಸ್ತಕದಲ್ಲಿ ಇರುತ್ತದೆ. ನಿಂತುಹೋಗಿದ್ದ ಒಂದು ಮಕ್ಕಳ ಪತ್ರಿಕೆಗೆ ಅವರು ಮತ್ತೆ ಜೀವ ಕೊಟ್ಟ ವಿಷಯ ಬಹಳ ಜನಕ್ಕೆ ಗೊತ್ತಿಲ್ಲ.

ಸತ್ಯಜಿತ್ ರಾಯ್ ಅವರು 1921ನೇ ಇಸವಿ ಮೇ 2ರಂದು ಕಲ್ಕತ್ತಾದಲ್ಲಿ ಜನಿಸಿದರು. ಆ ಊರಿಗೆ ಈಗ ಕೋಲ್ಕತ್ತಾ ಎನ್ನುತ್ತಾರೆ. ತಂದೆ ಸುಕುಮಾರ್ ರಾಯ್, ತಾಯಿ ಸುಪ್ರಭಾ. ಅವರ ತಾತ ಉಪೇಂದ್ರಕಿಶೋರ್ ಅವರು ಲೇಖಕರು, ಚಿತ್ರಕಾರರು, ಮುದ್ರಣ ವಿದ್ಯೆಯಲ್ಲಿ ಬಹಳ ಪಳಗಿದವರು. 1913ರಲ್ಲಿ ಅವರು ಮಕ್ಕಳಿಗಾಗಿ 'ಸಂದೇಶ್' ಎಂಬ ಪತ್ರಿಕೆ ಶುರು ಮಾಡಿದರು. ಸಂದೇಶ ಅಂದರೆ ಸುದ್ದಿ ಅಂತ ನಮಗೆ ಗೊತ್ತು. ಬಂಗಾಳದಲ್ಲಿ ಅದು ಒಂದು ಸಿಹಿತಿಂಡಿಯ ಹೆಸರೂ ಹೌದು! ಪತ್ರಿಕೆಯೂ ಸಿಹಿತಿಂಡಿ ಹಾಗೆಯೇ ಇತ್ತು. ಕಥೆ, ಪದ್ಯ, ಚಿತ್ರ, ಒಗಟು, ವಿಜ್ಞಾನ ಎಲ್ಲಾ ಇರುತ್ತಿತ್ತು. 1915ರಲ್ಲಿ ತಾತ ತೀರಿಕೊಂಡರು. ಆಮೇಲೆ ಸುಕುಮಾರ್ ರಾಯ್ ಪತ್ರಿಕೆ ನಡೆಸಿದರು. ಅವರ ನಗೆಪದ್ಯಗಳನ್ನು ಬಂಗಾಳದ ಮಕ್ಕಳು ಈಗಲೂ ಬಾಯಿಪಾಠ ಹೇಳುತ್ತಾರೆ.

ಆದರೆ ಸುಕುಮಾರ್ ಅವರಿಗೆ ಕಾಲಾ ಅಜಾರ್ ಎಂಬ ಕೆಟ್ಟ ಜ್ವರ ಬಂತು. ಅದು ಮರಳುನೊಣ ಕಚ್ಚುವುದರಿಂದ ಹರಡುವ ರೋಗ. ಸುಮಾರು ಎರಡೂವರೆ ವರ್ಷ ಹಾಸಿಗೆ ಹಿಡಿದರೂ ಮಲಗಿಕೊಂಡೇ ಬರೆದರು, ಚಿತ್ರ ಬಿಡಿಸಿದರು. 1923ರ ಸೆಪ್ಟೆಂಬರ್ 10ರಂದು ತೀರಿಕೊಂಡರು. ಆಗ ಅವರಿಗೆ 35 ವರ್ಷ. ಮಗನಿಗೆ ಎರಡೂವರೆ ವರ್ಷವೂ ತುಂಬಿರಲಿಲ್ಲ. ಕೆಲವೇ ವರ್ಷಗಳಲ್ಲಿ ಮುದ್ರಣಾಲಯ ನಷ್ಟವಾಗಿ ಮುಚ್ಚಿತು, ಮನೆಯೂ ಕೈಬಿಟ್ಟಿತು. ತಾಯಿ ಮಗನನ್ನು ಕರೆದುಕೊಂಡು ತಮ್ಮ ತವರಿನವರ ಮನೆಗೆ ಹೋದರು. ವಿಧವೆಯರ ಶಾಲೆಯಲ್ಲಿ ಹೊಲಿಗೆ ಕಲಿಸಿ ಮಗನನ್ನು ಓದಿಸಿದರು. ಅಪ್ಪನ ಮುಖವೂ ಸರಿಯಾಗಿ ನೆನಪಿಲ್ಲದ ಹುಡುಗನಿಗೆ ಅಪ್ಪ ಬರೆದ ಪುಟಗಳೇ ಅಪ್ಪ.

ಸತ್ಯಜಿತ್ ಅವರು ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಓದಿ, ಆಮೇಲೆ ಶಾಂತಿನಿಕೇತನದಲ್ಲಿ ನಂದಲಾಲ್ ಬೋಸ್ ಮುಂತಾದ ಗುರುಗಳ ಹತ್ತಿರ ಚಿತ್ರಕಲೆ ಕಲಿತರು. 1943ರಲ್ಲಿ ಒಂದು ಜಾಹೀರಾತು ಕಂಪನಿಗೆ ಸೇರಿದರು. ಪುಸ್ತಕಗಳಿಗೆ ರಕ್ಷಾಪುಟವನ್ನೂ ಚಿತ್ರಗಳನ್ನೂ ಬರೆಯುತ್ತಿದ್ದರು. 'ಪಥೇರ್ ಪಾಂಚಾಲಿ' ಕಾದಂಬರಿಯ ಮಕ್ಕಳ ಆವೃತ್ತಿಗೆ ಚಿತ್ರ ಬಿಡಿಸಿದವರೇ ಮುಂದೆ ಅದನ್ನು ಸಿನಿಮಾ ಮಾಡಿದರು. ದುಡ್ಡಿಲ್ಲದೆ ಚಿತ್ರೀಕರಣ ಎಷ್ಟೋ ಸಲ ನಿಂತಿತಂತೆ. ಕೊನೆಗೆ 1955ರಲ್ಲಿ ಅದು ಬಿಡುಗಡೆಯಾಗಿ ಇಡೀ ಪ್ರಪಂಚದಲ್ಲಿ ಹೆಸರಾಯಿತು.

ಅಷ್ಟು ಹೆಸರು ಬಂದ ಮೇಲೆ ಬೇರೆಯವರಾಗಿದ್ದರೆ ಮಕ್ಕಳ ಪತ್ರಿಕೆಯನ್ನು ಮರೆತುಬಿಡುತ್ತಿದ್ದರೇನೋ! ಇವರು ಮರೆಯಲಿಲ್ಲ. 1961ರಲ್ಲಿ, ತಮ್ಮ 40ನೇ ವಯಸ್ಸಿನಲ್ಲಿ, ಕವಿ ಸುಭಾಷ್ ಮುಖೋಪಾಧ್ಯಾಯರ ಜೊತೆ ಸೇರಿ 'ಸಂದೇಶ್' ಅನ್ನು ಮತ್ತೆ ಹೊರಡಿಸಿದರು. ಪತ್ರಿಕೆ ಅಂದ ಮೇಲೆ ಪುಟ ತುಂಬಬೇಕಲ್ಲ? ಅದಕ್ಕೆ ತಾವೇ ಬರೆಯಲು ಕೂತರು. ಹಾಗೆ ಹುಟ್ಟಿದವನೇ ಪತ್ತೇದಾರ ಫೆಲುದಾ. ಬಂಗಾಳಿಯಲ್ಲಿ 'ದಾ' ಅಂದರೆ ಅಣ್ಣ. ಮೊದಲ ಕಥೆ 1965ರ ಡಿಸೆಂಬರ್‌ನಿಂದ 'ಸಂದೇಶ್'ನಲ್ಲಿ ಬಂತು. ಒಟ್ಟು 35 ಕಥೆಗಳನ್ನು ಅವರು ಪೂರ್ತಿ ಮಾಡಿದರು.

ಫೆಲುದಾನ ಕಥೆ ಹೇಳುವವನು ಅವನ ತಮ್ಮ ತೋಪ್ಸೆ, ಹೆಚ್ಚು ಕಡಿಮೆ ನಮ್ಮ ವಯಸ್ಸಿನ ಹುಡುಗ. ಫೆಲುದಾ ಏನು ನೋಡುತ್ತಾನೋ ತೋಪ್ಸೆಯೂ ಅದನ್ನೇ ನೋಡುತ್ತಾನೆ. ಆದ್ದರಿಂದ ಸುಳಿವೆಲ್ಲ ನಮ್ಮ ಕಣ್ಣ ಮುಂದೆಯೇ ಇರುತ್ತದೆ. ಫೆಲುದಾ ತನ್ನ ನೋಟ್‌ಪುಸ್ತಕದಲ್ಲಿ ಇಂಗ್ಲಿಷ್ ಪದಗಳನ್ನು ಗ್ರೀಕ್ ಅಕ್ಷರದಲ್ಲಿ ಬರೆಯುತ್ತಾನೆ, ಬೇರೆಯವರಿಗೆ ತಿಳಿಯಬಾರದು ಅಂತ. ಒಂದು ಕಥೆಯಲ್ಲಿ ಕಾಡಿನ ನಿಧಿಯ ದಾರಿ ಒಂದು ಪದ್ಯದೊಳಗೆ ಅಡಗಿದೆ. ಯಾವ ಮರ, ಅಲ್ಲಿಂದ ಎಷ್ಟು ಮೊಳ, ಎಲ್ಲವನ್ನೂ ಪದ್ಯ ಬಿಡಿಸಿಯೇ ತಿಳಿಯಬೇಕು. ಇನ್ನೊಂದರಲ್ಲಿ ಒಂದು ಗಿಳಿ ಅರ್ಥವಿಲ್ಲದ ಹಾಗೆ ಏನೋ ಮಾತಾಡುತ್ತದೆ. ಆ ಮಾತಿನೊಳಗೆ ಅಂಕಿಗಳು ಸೇರಿಕೊಂಡಿವೆ. ಅದೇ ತಿಜೋರಿಯ ಬೀಗದ ನಂಬರ್!

'ಸೋನಾರ್ ಕೆಲ್ಲಾ' ಅಂದರೆ ಚಿನ್ನದ ಕೋಟೆ ಎಂಬ ಕಥೆ ರಾಜಸ್ಥಾನದಲ್ಲಿ ನಡೆಯುತ್ತದೆ. ಜೈಸಲ್ಮೇರ್ ಕೋಟೆಯ ಹಳದಿ ಕಲ್ಲು ಬಿಸಿಲಿಗೆ ಚಿನ್ನದ ಹಾಗೆ ಹೊಳೆಯುತ್ತದೆ. 1974ರಲ್ಲಿ ರಾಯ್ ಅವರೇ ಅದನ್ನು ಸಿನಿಮಾ ಮಾಡಿದರು. ಈ ಕಥೆಗಳನ್ನು ಓದಿದರೆ ಭೂಗೋಳ, ಇತಿಹಾಸ, ವಿಜ್ಞಾನವೂ ತಲೆಗೆ ಹತ್ತುತ್ತದೆ. ಮಕ್ಕಳಿಗೆ ಏನು ಗೊತ್ತಾಗುತ್ತೆ ಅಂತ ಅವರು ಸುಲಭ ಮಾಡಿ ಕೊಡಲಿಲ್ಲ. ಮಕ್ಕಳು ಯೋಚನೆ ಮಾಡಬಲ್ಲರು ಅಂತ ನಂಬಿ ಬರೆದರು. ಇದೇ ಅವರ ದೊಡ್ಡತನ.

1983ರಲ್ಲಿ ಅವರಿಗೆ ಹೃದಯಾಘಾತವಾಯಿತು. ಸಿನಿಮಾ ಕೆಲಸ ಕಡಿಮೆಯಾದರೂ ಬರೆಯುವುದು ನಿಲ್ಲಲಿಲ್ಲ. 1987ರಲ್ಲಿ ತಂದೆಯ ಬಗ್ಗೆ ಒಂದು ಸಾಕ್ಷ್ಯಚಿತ್ರ ಮಾಡಿದರು. 1992ರಲ್ಲಿ ಆಸ್ಕರ್ ಗೌರವವೂ ಭಾರತ ರತ್ನವೂ ಬಂದವು. ಅದೇ ವರ್ಷ ಏಪ್ರಿಲ್ 23ರಂದು ಕಣ್ಣು ಮುಚ್ಚಿದರು. ಕೆಲವು ಫೆಲುದಾ ಕಥೆಗಳು ಅರ್ಧಕ್ಕೇ ನಿಂತವು.

ತಾತ ಶುರು ಮಾಡಿದ್ದು, ಅಪ್ಪ ಕಾಯಿಲೆಯಲ್ಲೂ ಬಿಡದೆ ಬರೆದದ್ದು, ಮಗ ಮತ್ತೆ ಎತ್ತಿ ನಿಲ್ಲಿಸಿದ್ದು ಒಂದು ಮಕ್ಕಳ ಪತ್ರಿಕೆ. ಪತ್ರಿಕೆ ಚಿಕ್ಕದಾದರೇನು? ಅದರಿಂದಲೇ ಫೆಲುದಾ ಬಂದ. ನಮ್ಮ ಈ ಗೋಡೆಪತ್ರಿಕೆಯೂ ನಿಲ್ಲದಂತೆ ನೋಡಿಕೊಳ್ಳೋಣ. ಒಬ್ಬೊಬ್ಬರು ಒಂದೊಂದು ಒಗಟು ತಂದರೂ ಸಾಕು.

ಮೊದಲನೆಯದನ್ನು ನಾನೇ ಕೊಡುತ್ತೇನೆ. ಒಂದು ಪೆಟ್ಟಿಗೆಗೆ ಮೂರು ಅಂಕಿಯ ಬೀಗ ಇದೆ. ಅಜ್ಜಿ ಅದರ ಪಕ್ಕದಲ್ಲಿ ಒಂದು ಚೀಟಿ ಇಟ್ಟಿದ್ದಾಳೆ. ಅದರಲ್ಲಿ ಹೀಗಿದೆ: ಆರತಿ, ಏಳು. ಒಂದೆಲಗ ತಾ. ಬೀಗದ ನಂಬರ್ ಯಾವುದು? ಉತ್ತರ ಮುಂದಿನ ಸಂಚಿಕೆಯಲ್ಲಿ.