ಬರಿಗಾಲಿನ ಬಂಗಾರ: ಅಬೆಬೆ ಬಿಕಿಲ

ನಾಲ್ಕು ವರ್ಷಕ್ಕೊಮ್ಮೆ ಒಲಿಂಪಿಕ್ಸ್ ಬಂದಿತೆಂದರೆ ನಮ್ಮ ಮನೆಗಳಲ್ಲಿ ಪದಕಗಳ ಲೆಕ್ಕವೇ ಲೆಕ್ಕ. ಗೆದ್ದವರ ಮುಂದಿನ ಬಾಳು ಹೇಗೆ ಸಾಗಿತೆಂದು ನಾವು ವಿಚಾರಿಸುವುದು ಕಡಿಮೆ. ಇಥಿಯೋಪಿಯದ ಮ್ಯಾರಥಾನ್ ವೀರ ಅಬೆಬೆ ಬಿಕಿಲರ ಕಥೆಯನ್ನಂತೂ ಕೊನೆಯವರೆಗೂ ಕೇಳಬೇಕು.

1932ರ ಆಗಸ್ಟ್ 7ರಂದು ಜಾಟೊ ಎಂಬ ಹಳ್ಳಿಯಲ್ಲಿ, ಕುರಿ ಕಾಯುವವನ ಮಗನಾಗಿ ಹುಟ್ಟಿದ ಬಿಕಿಲ, ಬೆಳೆದು ಚಕ್ರವರ್ತಿ ಹೈಲೆ ಸೆಲಾಸಿಯವರ ಅಂಗರಕ್ಷಕ ಪಡೆ ಸೇರಿದರು. ಅವರನ್ನು ಓಟಗಾರನಾಗಿ ಪಳಗಿಸಿದವರು ಸ್ವೀಡನ್ನಿನ ಒನ್ನಿ ನಿಸ್ಕಾನೆನ್.

1960ರ ರೋಮ್ ಒಲಿಂಪಿಕ್ಸ್. ಬೂಟುಗಳು ಕಾಲಿಗೆ ಒಗ್ಗಲಿಲ್ಲ. ಅಭ್ಯಾಸವಿದ್ದ ಬರಿಗಾಲಿನಲ್ಲೇ ಬಿಕಿಲ ಓಟಕ್ಕಿಳಿದರು. ಹಿಂದೆ ಇಥಿಯೋಪಿಯವನ್ನು ಆಕ್ರಮಿಸಿದ್ದ ಇಟಲಿ, ಆಕ್ಸಮ್ ನಗರದಿಂದ ಹೊತ್ತು ತಂದಿದ್ದ ಶಿಲಾಸ್ತಂಭ ಆ ದಾರಿಯಲ್ಲೇ ನಿಂತಿತ್ತು. (2005ರಲ್ಲಿ ಅದು ತವರಿಗೆ ಮರಳಿತು.) ಅದನ್ನು ಹಾದು, ಕತ್ತಲು ಕವಿದ ಮೇಲೆ, ಕಾನ್‌ಸ್ಟಂಟೈನನ ಕಮಾನಿನ ಬಳಿ ಅವರು ಗುರಿ ಮುಟ್ಟಿದಾಗ 2 ಗಂಟೆ 15 ನಿಮಿಷ 16 ಸೆಕೆಂಡುಗಳ ವಿಶ್ವದಾಖಲೆ! ಇಥಿಯೋಪಿಯಕ್ಕೆ ಅದು ಮೊದಲ ಒಲಿಂಪಿಕ್ ಚಿನ್ನ.

1964ರ ಟೋಕಿಯೋ ಓಟಕ್ಕೆ ಕೆಲವೇ ವಾರಗಳ ಮುನ್ನ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯಾಗಿತ್ತು. ಆದರೂ ಎರಡನೆಯವರಿಗಿಂತ ನಾಲ್ಕು ನಿಮಿಷ ಮುಂಚೆ ಬಂದು, ಹುಲ್ಲಿನ ಮೇಲೆ ಆರಾಮವಾಗಿ ವ್ಯಾಯಾಮ ಮಾಡತೊಡಗಿದರು. ಒಲಿಂಪಿಕ್ ಮ್ಯಾರಥಾನನ್ನು ಎರಡು ಬಾರಿ ಗೆದ್ದ ಮೊದಲಿಗರು ಅವರೇ. 1968ರ ಮೆಕ್ಸಿಕೋದಲ್ಲಿ ಕಾಲುನೋವಿನಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಂದಿನ ಚಿನ್ನ ಅವರದೇ ನಾಡಿನ ಮಾಮೊ ವೋಲ್ಡೆಯವರ ಪಾಲಾಯಿತು.

1969ರಲ್ಲಿ ಕಾರು ಅಪಘಾತ. ಜಗತ್ತು ಕೊಂಡಾಡಿದ ಆ ಕಾಲುಗಳು ಮತ್ತೆ ನಡೆಯಲಿಲ್ಲ. ಚಿಕಿತ್ಸೆಗಾಗಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡವಿಲ್ ಆಸ್ಪತ್ರೆ ಸೇರಿದ ಬಿಕಿಲ, 1970ರಲ್ಲಿ ಅಂಗವಿಕಲರ ಕ್ರೀಡಾಕೂಟದಲ್ಲಿ ಬಿಲ್ಲು ಹಿಡಿದರು. 1971ರಲ್ಲಿ ನಾರ್ವೆಯ ಹಿಮದ ಮೇಲೆ ಜಾರುಬಂಡಿ ನಡೆಸಿ ಗೆದ್ದರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ಗೆ ಗಾಲಿಕುರ್ಚಿಯಲ್ಲಿ ಗೌರವ ಅತಿಥಿಯಾಗಿ ಬಂದರು. 1973ರ ಅಕ್ಟೋಬರ್ 25ರಂದು, 41ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಹೊರನಾಡಿನಲ್ಲಿ ನೆಲೆ ಕಂಡುಕೊಂಡ ನಾವು ಮಕ್ಕಳಿಗೆ ಗೆಲ್ಲುವುದನ್ನು ಶ್ರದ್ಧೆಯಿಂದ ಕಲಿಸುತ್ತೇವೆ. ಹೆಸರು ತಂದುಕೊಟ್ಟ ಶಕ್ತಿಯೇ ಒಂದು ದಿನ ಕೈಬಿಟ್ಟರೆ ಹೇಗೆ ಬಾಳಬೇಕೆಂಬ ಪಾಠವೂ ಅವರಿಗೆ ಬೇಕು, ನಮಗೂ ಬೇಕು. ರೋಮಿನ ಬರಿಗಾಲಿನ ಕಥೆ ಹೇಳುವಾಗ ನಾರ್ವೆಯ ಜಾರುಬಂಡಿಯನ್ನೂ ಮರೆಯದೆ ಹೇಳೋಣ.